ಹತ್ತನೇ ಪಾಯಿಂಟು

ಮೇ 18, ಭಾನುವಾರ

ಶ್ರೀಮದ್ ಗಂಜಾಂ ಪುರವಾಸಿ, ಆಟೋರಿಕ್ಷಾ ಸಾರ್ವಭೌಮ, ಹತ್ತು ಪಾಯಿಂಟುಗಳ ಏಕೈಕ ಒಡೆಯ, ಇಪ್ಪತ್ತಮೂರು ವರ್ಷ ವಯಸ್ಸಿನ ಅಭಿ ಎಂಬ ನಾನು ಇಂದಿನಿಂದ ದಿನಚರಿ ಬರೆಯತಕ್ಕದ್ದೆಂದು, ನಾನೊಬ್ಬನೇ ಹಾಜರಿದ್ದ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು.

ಕಾರಣ, ದೊಡ್ಡವ್ವ ಡೈರಿ ಕೊಟ್ಟಳು. ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ಪುಟ್ಟಲಕ್ಷ್ಮಮ್ಮ. ಸಂತೆಬಾಚಹಳ್ಳಿಯ ಹತ್ತಿರ ಅವಳ ಊರಿನ ಹೆಂಗಸರ ಹಾಲಿನ ಸಂಘಕ್ಕೆ ಅವಳೇ ಅಧ್ಯಕ್ಷೆ. ಸಂಘದಲ್ಲಿ ಮಿಕ್ಕಿದ್ದ ಡೈರಿ ಇದು. ಪ್ರತಿ ಪುಟದ ನೆತ್ತಿಯಲ್ಲಿ ಒಂದು ಸೀಮೆಹಸು ನನ್ನನ್ನೇ ನೋಡುತ್ತದೆ. ಅದರ ಕೆಳಗೆ ‘ಫ್ಯಾಟ್’ ಎಂದೂ ‘ನೀರು’ ಎಂದೂ ಎರಡು ಖಾಲಿ ಜಾಗ. ನನ್ನ ಹತ್ತಿರ ಹಾಲಿಲ್ಲ, ಮಾತಿದೆ. ಆದಕಾರಣ ದಿನಾ ಆಡಿದ ಮಾತಿನಲ್ಲಿ ನೀರೆಷ್ಟು ಬೆರೆಸಿದೆ ಎಂಬುದನ್ನು ಅಲ್ಲಿ ಪ್ರಾಮಾಣಿಕವಾಗಿ ನಮೂದಿಸಲಾಗುವುದು.

ಇಂದು ಬೆಂಗಳೂರಿನ ಒಂದು ಕುಟುಂಬಕ್ಕೆ ಕೋಟೆ ಗೋಡೆಯ ತೂತು ತೋರಿಸಿ, “ಇದು ಗುಂಡು ಹಾರಿಸುವ ಕಿಂಡಿ ಅಲ್ಲ ಸಾರ್, ಕಾವಲಿನವರಿಗೆ ಹೊರಗಿನಿಂದ ಮುದ್ದೆ ಕೊಡ್ತಿದ್ದ ಕಿಂಡಿ” ಎಂದೆ. ಮನೆಯ ಯಜಮಾನರು ಅದರೊಳಗೆ ಕೈಚಾಚಿ ಫೋಟೋ ತೆಗೆಸಿಕೊಂಡರು.

ನೀರು: ನೂರಕ್ಕೆ ತೊಂಬತ್ತು.

ಮೇ 20, ಮಂಗಳವಾರ

ರಾಜ್ಯಕ್ಕೆ ಮಹತ್ವದ ಸುದ್ದಿ. ದೊಡ್ಡವ್ವ ಸ್ಕಾಟ್ಲೆಂಡಿಗೆ ಹೋಗುತ್ತಾಳೆ! ಹೆಂಗಸರು ನಡೆಸುವ ಹಾಲಿನ ಡೈರಿಗಳನ್ನು ನೋಡಿಬರಲು ಐದು ಜನರನ್ನು ಆರಿಸಿದ್ದಾರಂತೆ. ಎಡಿನ್‌ಬರೋ ಎಂಬ ಹಳೇ ಊರಿನಲ್ಲಿ ವಾಸ. ನಾಗಮಂಗಲದ ಪ್ರಮೀಳಾ ಎಂಬುವರು ಇಂಗ್ಲಿಷ್ ಬಲ್ಲವರು, ಅವರೇ ತಂಡದ ಮುಖ್ಯಸ್ಥೆ.

ದೊಡ್ಡವ್ವ ಫೋನಿನಲ್ಲಿ ಕೂಗಿಯೇ ಮಾತಾಡುತ್ತಾಳೆ, ಸಂತೆಬಾಚಹಳ್ಳಿಯಿಂದ ಗಂಜಾಂಗೆ ಫೋನಿಲ್ಲದೆಯೂ ಕೇಳಿಸಬೇಕು ಎಂಬಂತೆ.

“ಅಭಿ, ನೀನು ದಿನಾ ಜನುಕ್ಕೆ ಊರು ತೋರ್ಸೋನು. ಆ ಊರಲ್ಲಿ ನೋಡಾದು ಏನೇನದೆ, ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರ್ದ್ಕೊಡ್ಲಾ. ಕನ್ನಡ್ಕ ಇಲ್ದಿದ್ರೂ ಕಾಣಂಗಿರ್ಲಿ.”

“ಎಷ್ಟು ಪಾಯಿಂಟು ಬರೀಲಿ ದೊಡ್ಡವ್ವ?”

“ನಿನ್ನಾಟೋ ಇಂದೆ ಎಷ್ಟದೋ ಅಷ್ಟೇಯ.”

ನನ್ನ ಆಟೋದ ಹಿಂದೆ ‘ಶ್ರೀರಂಗಪಟ್ಟಣ 10 ಪಾಯಿಂಟ್’ ಎಂದಿದೆ. ಕೋಟೆಯಲ್ಲಿ ಶುರು, ಪಶ್ಚಿಮವಾಹಿನಿಯಲ್ಲಿ ಮುಕ್ತಾಯ. ಅಲ್ಲಿ ಕಾವೇರಿ ಪಡುವಣಕ್ಕೆ ತಿರುಗುತ್ತಾಳೆ. ಊರೂರಿನ ಜನ ಸತ್ತವರ ಬೂದಿ ತಂದು ಬಿಡುತ್ತಾರೆ. ನಾನು ಪ್ರವಾಸಿಗರಿಗೆ ಅಲ್ಲಿ ಕಾಲು ತೊಳೆಸಿ, ಒಂದು ಸುಳ್ಳು ಹೇಳಿ, ಕೈಮುಗಿದು ಕಳಿಸುತ್ತೇನೆ.

ಮೇ 22, ಗುರುವಾರ

ಫೋನಿನಲ್ಲಿ ಇಡೀ ಎಡಿನ್‌ಬರೋ ಸುತ್ತಿದೆ. ನಮ್ಮೂರಿನ ಅಣ್ಣನಂತಿದೆ. ಕೋಟೆ ಇದೆ, ಸೆರೆಮನೆ ಇದೆ, ಅರಮನೆ ಇದೆ, ಹಳೇ ಕಥೆ ಹೇಳಿ ಬದುಕುವ ನನ್ನಂಥವರೂ ಇದ್ದಾರೆ.

ಮೊದಲನೆಯದು ಬಂಡೆ ಮೇಲಿನ ಕೋಟೆ. ಎರಡನೆಯದು ಅಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹಾರಿಸುವ ಫಿರಂಗಿ. ಭಾನುವಾರ ಫಿರಂಗಿಗೂ ರಜ. ಮೂರನೆಯದು ಕೋಟೆಯಿಂದ ಅರಮನೆವರೆಗಿನ ಇಳಿಜಾರು ಬೀದಿ. ನಾಲ್ಕನೆಯದನ್ನು ಓದಿ ನಾನೇ ದಂಗಾದೆ. ಆ ಬೀದಿಯ ಕಲ್ಲುಹಾಸಿನಲ್ಲಿ ಹೃದಯದ ಆಕಾರ ಕೂರಿಸಿದ್ದಾರೆ, ಊರಿನವರು ಅದರ ಮೇಲೆ ಉಗಿದು ಹೋಗುತ್ತಾರೆ. ಉಗಿದರೆ ಒಳ್ಳೆಯದಂತೆ. ಇದು ನಿಜ. ಆರನೆಯದು ಯಜಮಾನನ ಗೋರಿ ಬಿಟ್ಟು ಕದಲದೆ ವರ್ಷಗಟ್ಟಲೆ ಕಾದ ನಾಯಿಯ ಪ್ರತಿಮೆ. ಜನ ಮೂಗು ಸವರಿ ಸವರಿ ಮೂಗೊಂದು ಫಳಫಳ. ಇದೂ ನಿಜ. ಏಳು ಅರಮನೆ, ಎಂಟು ಊರ ನಡುವೆಯೇ ಆರಿದ ಜ್ವಾಲಾಮುಖಿಯ ಗುಡ್ಡ, ಒಂಬತ್ತು ಮ್ಯೂಸಿಯಂ. ‘ಅಲ್ಲಿ ನಮ್ಮ ಪಟ್ಟಣದಿಂದ ಹೊತ್ತೊಯ್ದ ಸಾಮಾನೂ ಇರಬಹುದು, ಕಂಡರೆ ವಾಪಸ್ ಕೇಳುವುದು’ ಎಂದು ಸೇರಿಸಿದೆ.

ಐದನೆಯದು ಬೀದಿಯಿಂದ ಇಳಿಯುವ ಇಕ್ಕಟ್ಟಾದ ಸಂದಿಗಳು. ಬರೀ ನಿಜ ಬರೆದು ಕೈ ಜೋಮು ಹಿಡಿದಿತ್ತು. ‘ಸಂದಿಗೆ ಇಳಿಯುವ ಮುನ್ನ ತಮ್ಮ ಹೆಸರು ಮತ್ತು ಊರನ್ನು ಗಟ್ಟಿಯಾಗಿ ಕೂಗತಕ್ಕದ್ದು, ಎದುರಿನವರು ದಾರಿ ಬಿಡುತ್ತಾರೆ’ ಎಂದು ಬರೆದೆ.

ಲೆಕ್ಕ ಒಂಬತ್ತಕ್ಕೆ ನಿಂತಿತು. ಅದೂ ಅಲ್ಲದೆ ಕೊನೆಯಲ್ಲಿ ನೀರಿಲ್ಲ. ನೀರಿಲ್ಲದೆ ಮುಗಿದ ಟೂರು ಮಜ್ಜಿಗೆ ಬಡಿಸದೆ ಎಲೆ ಎತ್ತಿಸಿದ ಊಟ. ಇದು ನಮ್ಮ ಕಸುಬಿನ ಧರ್ಮ. ಆದ್ದರಿಂದ ಹತ್ತನೆಯದನ್ನು ನಾನೇ ತೋಡಿದೆ.

‘10. ಕಾವೇರಿ ಬಾವಿ. ಕೋಟೆ ಬಾಗಿಲ ಬಳಿ ಗೋಡೆಯಲ್ಲಿರುವ ಪುಟ್ಟ ಬಾವಿ. ಹಿಂದೆ ಶ್ರೀರಂಗಪಟ್ಟಣದ ನೆಲಸೆರೆಯಲ್ಲಿದ್ದ ಈ ಊರಿನ ಸಿಪಾಯಿಗಳು ಬದುಕಿ ಮರಳಿದ ಮೇಲೆ, ತಮ್ಮ ಜೊತೆ ಸತ್ತವರ ನೆನಪಿಗೆ ಕಟ್ಟಿಸಿದ್ದು. ದಿಕ್ಕಿಲ್ಲದೆ ಹೋದವರ ಹೆಸರನ್ನು ಮೂರು ಸಾರಿ ಹೇಳಿ ಇಲ್ಲಿ ಕಾವೇರಿ ನೀರು ಬಿಟ್ಟರೆ, ಅವರು ಎಲ್ಲಿದ್ದರೂ ದಾರಿ ಸಿಗುತ್ತದೆ.’

ಓದಿಕೊಂಡೆ. ನನಗೇ ನಂಬಿಕೆ ಬಂತು. ಅಪ್ಪಟ ಬಾವಿ.

ನೀರು: ಒಂದು ಬಾವಿ ಪೂರ್ತಿ.

ಮೇ 25, ಭಾನುವಾರ

ಪಟ್ಟಿ ಹಿಡಿದು ದೊಡ್ಡವ್ವನ ಊರಿಗೆ ಹೋದೆ. ಪಾಂಡವಪುರ, ಕೆ.ಆರ್. ಪೇಟೆ, ಎರಡು ಬಸ್ಸು ಬದಲಿಸಿ. ಅವಳು ಸಂಘದಲ್ಲಿ ಸಂಜೆ ಹಾಲು ಅಳೆಸುತ್ತಿದ್ದಳು. ದ್ಯಾವಮ್ಮ ಎಂಬುವಳ ಕ್ಯಾನಿಗೆ ಗಾಜಿನ ಕೊಳವೆ ಇಳಿಬಿಟ್ಟು ನೋಡಿ, ತಲೆ ಎತ್ತದೆ, “ನಿಮ್ಮಸ ಇವತ್ತು ಕೆರೆಗೇ ಬಾಯಾಕಿತ್ತಾ ದ್ಯಾವಮ್ಮ?” ಎಂದಳು. ಸುತ್ತಲಿದ್ದವರೆಲ್ಲ ನಕ್ಕರು, ದ್ಯಾವಮ್ಮನೂ ನಕ್ಕಳು. ಹಾಲು ಮಾತ್ರ ವಾಪಸ್ಸಾಯಿತು.

ಪಟ್ಟಿಯನ್ನು ಬೆರಳಿಟ್ಟು ಓದಿದಳು. ನಾಲ್ಕನೆಯದಕ್ಕೆ ನಿಂತಳು.

“ಉಗೀಬೇಕಾ? ಥೂ! ನಿನ್ ಕುಚೇಷ್ಟೆ ಕಣ್ಲಾ ಇದು. ಪರದೇಸದಲ್ಲಿ ನನ್ ಕೈಲಿ ಉಗ್ಸಿ ಜೈಲಿಗಾಕ್ಸಬೇಕು ಅಂತಿದ್ದೀಯ.”

“ದೇವ್ರಾಣೆಗೂ ನಿಜ ದೊಡ್ಡವ್ವ.”

“ನೀನು ದೇವ್ರಾಣೆ ಅಂದ್ರೆ ಗ್ಯಾರಂಟಿ ಸುಳ್ಳೇಯ.”

ಐದನೆಯದಕ್ಕೆ, “ಇದು ಸರಿ ಬುಡು, ನಮ್ ಕಡೆ ಗಾಡಿ ತಿರುವ್ನಲ್ಲಿ ಕೂಗಾಕಿಲ್ವಾ ಅಂಗೆ” ಎಂದಳು. ಹತ್ತನೆಯದನ್ನು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಕಾಗದ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಬಸ್ಸು ಹತ್ತುವಾಗ ಕಿಟಕಿ ಹತ್ತಿರ ಬಂದು, ಯಾವತ್ತೂ ಕೂಗುವವಳು ಅವತ್ತು ಮೆಲ್ಲಗೆ ಹೇಳಿದಳು:

“ಪಶ್ಚಿಮವಾಹಿನೀಲಿ ಒಂದ್ ಬಾಟ್ಲಿ ನೀರಿಡ್ದು ಕಳ್ಸು ಮಗ. ಮರ್ತ್ಬುಡಬ್ಯಾಡ.”

ಹತ್ತನೇ ಪಾಯಿಂಟು ಇಷ್ಟು ಚೆನ್ನಾಗಿ ಓಡುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ.

ಮೇ 28, ಬುಧವಾರ

ಪಶ್ಚಿಮವಾಹಿನಿಗೆ ಹೋಗುವಷ್ಟು ಪುರುಸೊತ್ತಿರಲಿಲ್ಲ. ಆಟೋಸ್ಟ್ಯಾಂಡಿನ ನಲ್ಲಿಯಲ್ಲಿ ಬಾಟಲಿ ತುಂಬಿಸಿದೆ. ಪಕ್ಕದ ಆಟೋದ ಮಂಜುನಾಥ ನೋಡಿ, “ಏನ್ಲಾ ಅದು, ತೀರ್ಥವಾ?” ಎಂದ. “ಪುರಸಭೆಯ ಪೈಪಿನಲ್ಲಿ ಬರುವವಳೂ ಕಾವೇರಿಯೇ ಅಲ್ಲವೇ, ಮೂರ್ಖ. ತಾಯಿಯಲ್ಲಿ ಭೇದ ಎಣಿಸಬಾರದು” ಎಂದು ಉಪದೇಶ ಮಾಡಿದೆ. ಬಾಟಲಿಯನ್ನು ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ.

ನೀರು: ನೂರಕ್ಕೆ ನೂರು. ಶುದ್ಧ ನೀರು.

ಮೇ 31, ಶನಿವಾರ

ಅವ್ವ ಹುರುಳಿಕಾಳಿನ ಕಲ್ಲು ಆರಿಸುತ್ತಿದ್ದಳು. ನಗಿಸೋಣ ಎಂದು ನಲ್ಲಿ ನೀರಿನ ಕಥೆ ಹೇಳಿದೆ. ಬಾವಿಯ ಕಥೆಯನ್ನೂ ಹೇಳಿದೆ. ಅವಳು ನಗಲಿಲ್ಲ.

“ಯಾರ್ಗೆ ಅಂತ ಕೇಳಿದ್ಯಾ ನೀರು?”

“ಯಾರ್ಗೋ. ಸಿಪಾಯಿಗಳ್ಗೆ ಇರ್ಬೇಕು.”

“ಯಶೋಧಂಗೆ ಕಣ್ಲಾ.”

ಯಶೋಧ ನನ್ನ ಚಿಕ್ಕವ್ವ, ಮೂವರಲ್ಲಿ ಕೊನೆಯವಳು. ನನಗೆ ನಾಲ್ಕು ವರ್ಷವಿದ್ದಾಗ ಗಂಡನ ಮನೆಯಲ್ಲಿ ಸ್ಟವ್ ಸಿಡಿದು ಹೋದಳು ಎಂದಷ್ಟೇ ಗೊತ್ತು. ಮನೆಯಲ್ಲಿ ಅವಳ ಮಾತು ಬಂದರೆ ಯಾರಾದರೂ ಎದ್ದು ನೀರು ಕುಡಿಯಲು ಹೋಗುತ್ತಾರೆ. ಇವತ್ತು ಅವ್ವ ಏಳಲಿಲ್ಲ. ಮೊರದಲ್ಲಿ ಕಣ್ಣಿಟ್ಟೇ ಹೇಳಿದಳು.

“ಸುದ್ದಿ ಮುಟ್ಟಿ ನಾವು ಓಗೋವಷ್ಟ್ರಲ್ಲಿ ಸುಟ್ಟು ಮುಗ್ಸಿದ್ರು. ಬೂದೀನೂ ಕೊಡ್ನಿಲ್ಲ. ಅದ್ಕೆ ಎಂಟ್ ದಿನ ಮುಂಚೆ ಅಕ್ಕನ್ ಮನೇಗೆ ಬಂದಿದ್ಲು ಯಶೋಧ. ಓಗಾಕಿಲ್ಲ ಅಂತ ಕುಂತಿದ್ಲು. ಅಕ್ಕನೇ ಬಸ್ಸತ್ಸಿದ್ದು, ಒಂದ್ಕಂಡು ಓಗು ಅಂತ. ಅವತ್ನಿಂದ ಅಕ್ಕ ಶ್ರೀರಂಗಪಟ್ಟಣದ ಒಳೆ ದಂಡೇಗೆ ಕಾಲಿಟ್ಟಿಲ್ಲ. ನಮ್ಮನೇಗ್ ಬಂದ್ರೂ ಆ ಕಡೆ ಮಕ ತಿರುಗ್ಸಾಕಿಲ್ಲ, ನೀನು ನೋಡಿಲ್ವಾ?”

ನೋಡಿದ್ದೇನೆ. ಊರೆಲ್ಲ ತೋರಿಸುವವನು, ಇದನ್ನು ನೋಡಿದ್ದರೂ ನೋಡಿರಲಿಲ್ಲ.

ಜೂನ್ 1, ಭಾನುವಾರ

ಬೆಳಿಗ್ಗೆ ಆರಕ್ಕೆ ಪಶ್ಚಿಮವಾಹಿನಿಗೆ ಹೋಗಿ, ಮಂಡಿಯವರೆಗೆ ಇಳಿದು, ಬಾಟಲಿ ಮೂರು ಸಾರಿ ತೊಳೆದು ನೀರು ತುಂಬಿಸಿದೆ. ಭಾನುವಾರದ ಬಾಡಿಗೆ ಬಿಟ್ಟು ಬಸ್ಸು ಹತ್ತಿದೆ. ಇವತ್ತು ಹೇಳಿಬಿಡಬೇಕು, ಮೊದಲು ಬಾವಿ, ಆಮೇಲೆ ನಲ್ಲಿ, ಎಂದು ಪಾಂಡವಪುರದವರೆಗೆ ಮನಸ್ಸಿನಲ್ಲಿ ಸಾಲು ಜೋಡಿಸಿದೆ. ಕೆ.ಆರ್. ಪೇಟೆಯಲ್ಲಿ ಸಾಲು ತಿರುಗಿಸಿದೆ, ಮೊದಲು ನಲ್ಲಿ, ಆಮೇಲೆ ಬಾವಿ.

ದೊಡ್ಡವ್ವನ ಮನೆ ತುಂಬ ಜನ. ಸಂಘದ ಹೆಂಗಸರು ಮಡಿಲು ತುಂಬಿಸಲು ಬಂದಿದ್ದರು. ದೊಡ್ಡಪ್ಪ ಚಿಕ್ಕಸಿದ್ದಯ್ಯ ಹೊಸ ಸೂಟ್‌ಕೇಸಿನ ಬೀಗವನ್ನು ತೆಗೆದು ಹಾಕಿ ಪರೀಕ್ಷಿಸುತ್ತ, “ಇದ್ಕೆ ಹುರಿಹಿಟ್ಟು ತುಂಬುದ್ರೆ ನಿನ್ ಸೀರೆ ಎಲ್ಲಿ ಮಡಗದು, ತಲೆ ಮ್ಯಾಲಾ?” ಎಂದು ರೇಗುತ್ತಿದ್ದರು.

ಯಾರೂ ಇಲ್ಲದ ಗಳಿಗೆ ನೋಡಿ ಸೂಟ್‌ಕೇಸಿಗೆ ಕೈಹಾಕಿದೆ. ನನ್ನ ನಲ್ಲಿ ನೀರಿನ ಬಾಟಲಿಯನ್ನು ಒಂದು ಹಳೇ ಹಸಿರು ರವಿಕೆಯಲ್ಲಿ ಸುತ್ತಿ, ಅರಿಶಿನದ ದಾರ ಕಟ್ಟಿ, ಸೀರೆಗಳ ನಡುವೆ ಮಲಗಿಸಿದ್ದಳು. ಕೂಸನ್ನು ಮಲಗಿಸಿದ ಹಾಗೆ. ದಾರ ಬಿಚ್ಚಿ, ಬಾಟಲಿ ಬದಲಿಸಿ, ಹಾಗೆಯೇ ಕಟ್ಟಿದೆ. ಹಳೇ ನೀರನ್ನು ಹಿತ್ತಿಲಿನ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದಾಗ ದೊಡ್ಡವ್ವ ಬಂದಳು.

“ಏನ್ಲಾ ಮಾಡ್ತಿದ್ದೀಯ ಅಲ್ಲಿ ಕುಕ್ಕರ್ಗಾಲಲ್ಲಿ?”

“ಗಿಡ ಒಣಗಿತ್ತು ದೊಡ್ಡವ್ವ.” ಬೆಳಿಗ್ಗೆಯಷ್ಟೇ ಮಳೆಯಾಗಿ ನೆಲ ಹಸಿಯಾಗಿತ್ತು. ಆಮೇಲೆ ಧೈರ್ಯ ಮಾಡಿ, “ದೊಡ್ಡವ್ವ, ಆ ಹತ್ತನೇದು...” ಎಂದೆ.

“ಅದ್ನೇ ಮೊದ್ಲು ನೋಡ್ತೀನಿ ಕಣ್ಲಾ. ಮಿಕ್ಕಿದ್ದು ಕಂಡ್ರೆ ಕಂಡ್ತು, ಇಲ್ದಿದ್ರೆ ಬುಡ್ತು.” ನನ್ನ ತಲೆ ಸವರಿದಳು. “ನೀನು ಅದುನ್ನ ಬರ್ಕೊಟ್ಟಿದ್ದು ದೊಡ್ಡ್ ಉಪ್ಕಾರ ಆಯ್ತು.”

ಒಳಗಿನಿಂದ ಯಾರೋ ಕರೆದರು, ಹೋದಳು. ನಾನು ಊಟ ಮಾಡದೆ ಬಸ್ಸು ಹತ್ತಿದೆ. ಬಾಟಲಿಯಲ್ಲಿ ಈಗ ನಿಜವಾದ ಕಾವೇರಿ ಇದ್ದಾಳೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಇಲ್ಲದ ಬಾವಿಗೆ ಅಸಲಿ ನೀರು. ಭೇಷ್.

ಜೂನ್ 3, ಮಂಗಳವಾರ

ಹೋದಳು.

ಜೂನ್ 6, ಶುಕ್ರವಾರ

ಅಲ್ಲಿ ಪ್ರಮೀಳಮ್ಮನ ಫೋನಿಗೆ ಮಾತ್ರ ನೆಟ್ ಇದೆ. ಅವರದೇ ವಾಯ್ಸ್ ಮೆಸೇಜು ಬಂತು, ನಗು ತಡೆಯಲಾಗದೆ ಮಾತಾಡುತ್ತಿದ್ದಾರೆ. ಐದು ಜನರೂ ಒಂದು ಸಂದಿಯ ಬಾಯಲ್ಲಿ ನಿಂತು “ಪುಟ್ಟಲಕ್ಷ್ಮಮ್ಮಾ, ಸಂತೆಬಾಚಹಳ್ಳೀ!” ಎಂದು ಶುರುಮಾಡಿ ಸರದಿಯಲ್ಲಿ ಕೂಗಿದರಂತೆ. ಕೆಳಗಿನಿಂದ ಬರುತ್ತಿದ್ದ ಯಾವುದೋ ದೇಶದ ಮುದುಕ ಮುದುಕಿ ನಿಂತು, ಇದು ಇಲ್ಲಿನ ಪದ್ಧತಿಯೆಂದು ತಿಳಿದು, ತಾವೂ ತಮ್ಮ ಊರು ಕೂಗಿ ದಾರಿ ಬಿಟ್ಟರಂತೆ.

ಬೇರೆ ದಿನವಾಗಿದ್ದರೆ ಇದನ್ನು ಆಟೋಸ್ಟ್ಯಾಂಡಿನಲ್ಲಿ ಮೈಕ್ ಹಾಕಿ ಕೇಳಿಸುತ್ತಿದ್ದೆ. ಮಂಜುನಾಥನಿಗೂ ಹೇಳಲಿಲ್ಲ.

ಕೊನೆಯಲ್ಲಿ ಪ್ರಮೀಳಮ್ಮ ಹೇಳಿದ್ದು ಇಷ್ಟು. “ಅಭಿ, ಆ ಬಾವಿ ಎಲ್ಲೂ ಸಿಗ್ತಾ ಇಲ್ಲಪ್ಪ. ನಿಮ್ಮ ದೊಡ್ಡಮ್ಮ ಕಂಡೋರ್ನೆಲ್ಲ ನಿಲ್ಸಿ ಕೇಳಿ ಅಂತಾರೆ. ಡೈರಿಗಳ ಕಡೆ ಓಡಾಟದಲ್ಲಿ ಟೈಮೇ ಇಲ್ಲ. ಭಾನುವಾರ ಮಧ್ಯಾಹ್ನ ಒಂದೇ ನಮಗೆ ಬಿಡುವು. ಎಲ್ರೂ ಅಂಗಡಿಗೆ ಹೋಗ್ತಾರೆ, ಇವ್ರು ಬಾವಿಗೇ ಹೋಗ್ಬೇಕು ಅಂತ ಕೂತವ್ರೆ. ಸರಿಯಾಗಿ ಜಾಗ ಹೇಳು.”

ಜಾಗ ಹೇಳು! ಇಷ್ಟು ವರ್ಷ ಎಲ್ಲರಿಗೂ ಜಾಗ ಹೇಳಿದ್ದೇನೆ.

ಜೂನ್ 8, ಭಾನುವಾರ

ಒಂಬತ್ತು ಸಾರಿ ರೆಕಾರ್ಡ್ ಮಾಡಿ ಅಳಿಸಿದೆ. ಮೊದಲ ನಾಲ್ಕರಲ್ಲಿ ತಮಾಷೆ ಇತ್ತು. ಐದನೆಯದರಲ್ಲಿ ತಪ್ಪು ಫೋನಿನದಾಗಿತ್ತು. ಏಳನೆಯದರಲ್ಲಿ ಬಾವಿಯನ್ನು ಯಾರೋ ಮುಚ್ಚಿಬಿಟ್ಟಿದ್ದರು. ಮಧ್ಯಾಹ್ನ ನಾಲ್ಕೂವರೆಗೆ, ಅಲ್ಲಿ ಹನ್ನೆರಡು, ಹತ್ತನೆಯದನ್ನು ಕಳಿಸಿಬಿಟ್ಟೆ.

“ಪ್ರಮೀಳಮ್ಮಾರೆ, ನಾನು ಅಭಿ. ನಮ್ ದೊಡ್ಡವ್ವಂಗೆ ಹೇಳಿ. ಹತ್ತನೇದು ಇಲ್ಲ. ನಾನೇ ಕಟ್ಟಿದ್ದು. ಹುಡುಕ್ಬ್ಯಾಡ ಅನ್ನಿ. ಐದನೇದೂ ಸುಳ್ಳು. ಉಗಿಯೋ ನಾಲ್ಕನೇದು ಮಾತ್ರ ನಿಜವಾಗ್ಲೂ ನಿಜ.”

ಕೇಳಿದರೆಂಬ ಗುರುತು ನೀಲಿಯಾಗಲಿಲ್ಲ. ಆಟೋವನ್ನು ಗುಂಬಜ್ ಮುಂದೆ ನಿಲ್ಲಿಸಿ ಕೂತಿದ್ದೆ. ಇಬ್ಬರು ಬಂದು, “ಟೆನ್ ಪಾಯಿಂಟ್ ಬರ್ತೀರಾ?” ಎಂದರು. ಗಾಡಿ ಕೆಟ್ಟಿದೆ ಎಂದೆ.

ಏಳು ಗಂಟೆಗೆ ಫೋನು ಅಲುಗಿತು. ಒಂದು ಫೋಟೋ, ಒಂದು ಸಾಲು. “ಈಗಷ್ಟೇ ಅಲ್ಲಿಂದ ಬಂದ್ವಿ. ನಿನ್ನ ಮೆಸೇಜು ಈಗ ಕೇಳ್ದೆ.”

ಫೋಟೋದಲ್ಲಿ ದೊಡ್ಡವ್ವ. ಸ್ವೆಟರಿನ ಮೇಲೆ ಸೆರಗು, ಹಿಂದೆ ಕೋಟೆಗೆ ಹೋಗುವ ದಾರಿ. ಪಕ್ಕದ ಕಲ್ಲುಗೋಡೆಯಲ್ಲಿ ಕಬ್ಬಿಣದ ಒಂದು ಪುಟ್ಟ ತೊಟ್ಟಿ. ಅದರಲ್ಲಿ ಯಾರೋ ಇಟ್ಟ ಹೂವು. ದೊಡ್ಡವ್ವನ ಕೈಯಲ್ಲಿ ಖಾಲಿ ಬಾಟಲಿ.

ಬಾವಿ ಇದೆ! ಕೋಟೆ ಬಾಗಿಲ ಬಳಿ, ಗೋಡೆಯಲ್ಲಿ, ಪುಟ್ಟ ಬಾವಿ, ನಾನು ಬರೆದ ಹಾಗೆಯೇ. ಗಾಡಿ ಹತ್ತಿ ಗಂಜಾಂ ತುಂಬ ಹಾರನ್ ಹೊಡೆದುಕೊಂಡು ಬಂದೆ. ಅವ್ವನಿಗೆ ತೋರಿಸಿ, “ನೋಡವ್ವ, ನಿನ್ ಮಗ ಸುಳ್ಳು ಬರುದ್ರೂ ನಿಜ ಆಯ್ತದೆ” ಎಂದೆ. ಇನ್ನು ಮೇಲೆ ಅಭಿ ಎಂಬ ಮಹಾಪುರುಷನ ಬಾಯಿಂದ ಬಿದ್ದ ಮಾತು ಭೂಮಿಯಲ್ಲಿ ಬಾವಿಯಾಗಿ ಏಳತಕ್ಕದ್ದು.

ಅವ್ವ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಅಕ್ಕನ ಮುಖವನ್ನಷ್ಟೇ ನೋಡುತ್ತಿದ್ದಳು. “ಅತ್ತವ್ಳೆ” ಎಂದಳು.

ಜೂನ್ 9, ಸೋಮವಾರ

ಅದು ಯಾರ ಬಾವಿ ಎಂದು ಹುಡುಕಿ ಓದಿದೆ.

ಸಿಪಾಯಿಗಳದಲ್ಲ. ನೂರಾರು ವರ್ಷಗಳ ಹಿಂದೆ ಮಾಟಗಾತಿಯರೆಂದು ಹೆಸರು ಹೊರಿಸಿ ಆ ಜಾಗದ ಆಸುಪಾಸಿನಲ್ಲಿ ಹೆಂಗಸರನ್ನು ಸುಟ್ಟರು. ಅವರ ನೆನಪಿಗೆ ಇಟ್ಟದ್ದು.

ಸುಟ್ಟ ಹೆಂಗಸರದು.

ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಫೋನಿನಲ್ಲಿ ಊರೆಲ್ಲ ಸುತ್ತಿದಾಗ ಕಣ್ಣಿಗೆ ಬಿದ್ದಿತ್ತೋ ಏನೋ, ನಗು ಬರುವಂಥದ್ದಲ್ಲವೆಂದು ಬಿಟ್ಟು ಮುಂದೆ ಹೋಗಿರಬೇಕು. ನಾನು ಬೇರೆಯವರಿಗೆ ತೋರಿಸುವುದೂ ಹೀಗೆಯೇ.

ಅವ್ವನಿಗೆ ಹೇಳಲಿಲ್ಲ. ಪ್ರಮೀಳಮ್ಮ ನನ್ನ ಮೆಸೇಜನ್ನು ದೊಡ್ಡವ್ವನಿಗೆ ಕೇಳಿಸಿದರೋ ಇಲ್ಲವೋ. ಕೇಳುವ ಮುಖ ನನಗಿಲ್ಲ.

ಜೂನ್ 13, ಶುಕ್ರವಾರ

ಬಂದಿದ್ದಾಳೆ. ದೊಡ್ಡಪ್ಪ ಫೋನ್ ಮಾಡಿದ್ದರು. ದೊಡ್ಡವ್ವ ಮಾತಾಡಲಿಲ್ಲ. ನಿದ್ದೆ ಮಾಡುತ್ತಿದ್ದಾಳಂತೆ. ಹಿಂದಿನಿಂದ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

ಜೂನ್ 15, ಭಾನುವಾರ

ಸಂಜೆ ಹಾಲಿನ ಹೊತ್ತಿಗೆ ಹೋದೆ. ದೊಡ್ಡವ್ವ ಕೊಳವೆ ಹಿಡಿದು ಕೂತಿದ್ದಳು, ಎಲ್ಲಿಗೂ ಹೋಗಿಬಂದವಳ ಹಾಗಿರಲಿಲ್ಲ. ನನ್ನನ್ನು ನೋಡಿ, “ಬಾ, ಕುಂತ್ಕೊ” ಎಂದಳು. ಕೊನೆಯ ಕ್ಯಾನು ಹೋಗುವವರೆಗೆ ಕೂತೆ. ದ್ಯಾವಮ್ಮನ ಹಾಲು ಇವತ್ತು ಚೆನ್ನಾಗಿತ್ತು, ಅವಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿ ಹೋದಳು.

ಎಲ್ಲರೂ ಹೋದ ಮೇಲೆ ಬಿಸ್ಕತ್ತಿನ ಒಂದು ಡಬ್ಬಿ ನನ್ನ ತೊಡೆಯ ಮೇಲಿಟ್ಟಳು. “ಬರೀ ಬೆಣ್ಣೆ. ಚೆನ್ನಾಗದೆ.”

“ದೊಡ್ಡವ್ವ, ನಾನು...”

“ಪ್ರಮೀಳಮ್ಮ ಕೇಳ್ಸುದ್ರು.”

ಡಬ್ಬಿ ಹಿಡಿದುಕೊಂಡು ಕೂತೆ. ಅವಳು ಕೊಳವೆ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು.

“ಬಾಟ್ಲಿ ಮುಚ್ಳ ಬಿಚ್ಚಿದ್ದೆ. ಆಗ ಪ್ರಮೀಳಮ್ಮ ಗೋಡೆ ಮ್ಯಾಲಿರದ ಓದ್ಬುಟ್ಟು, ಇದು ನಿಮ್ ಅಭಿ ಬರ್ದಿರದಲ್ಲ, ಇಲ್ಲಿ ಹೆಂಗುಸ್ರುನ್ನ ಸುಟ್ಟಿದ್ರಂತೆ ಅಂದ್ರು. ನಮ್ ಅಭಿಗೆ ಎಂಗ್ ಗೊತ್ತಾಯ್ತು ಅಂದ್ಕಂಡೆ. ತಿಳ್ಕಂಡೇ ಬರ್ದವ್ನೆ, ನನ್ನ ನೋಯ್ಸಬಾರ್ದು ಅಂತ ಸಿಪಾಯಿಗಳ ಕಥೆ ಕಟ್ಟವ್ನೆ ಅಂದ್ಕಂಡೆ. ಆಮ್ಯಾಕೆ ನಿನ್ ಮೆಸೇಜು ಕೇಳ್ದೆ.” ಕೊಳವೆ ಕೆಳಗಿಟ್ಟಳು. “ಅಲ್ಲಿದ್ರೆ ಕಪಾಳಕ್ಕೆ ಬುಡ್ತಿದ್ದೆ.”

“ಈಗ್ ಬುಡು ದೊಡ್ಡವ್ವ.”

“ಈಗ ಕೈ ಒದ್ದೆಯಾಗದೆ.”

ನಲ್ಲಿ ನೀರಿನದ್ದನ್ನೂ ಹೇಳಿದೆ. ಕಂಡಕ್ಟರ್ ಕೈಲಿ ಕಳಿಸಿದ್ದು, ಆಮೇಲೆ ಬದಲಿಸಿದ್ದು, ಎಲ್ಲ. ಅವಳು ಬಾಯಿ ತೆರೆದು ನೋಡಿದಳು. “ಅದ್ಕಾ ಕರಿಬೇವಿನ್ ಬುಡ್ದಲ್ಲಿ ಕುಂತಿದ್ದು? ಥೂ ನಿನ್ನ!” ಎಂದು ಒದ್ದೆ ಬಟ್ಟೆಯಲ್ಲಿ ಹೊಡೆದಳು. ನಗು ಬಂದಂತಾಯಿತು, ಅದು ಅರ್ಧದಲ್ಲೇ ಬೇರೇನೋ ಆಯಿತು. ಸೆರಗಿನಲ್ಲಿ ಮುಖ ಒತ್ತಿಕೊಂಡಳು.

“ಅಲ್ಲಿ ಒಬ್ರುದೂ ಎಸ್ರಿಲ್ಲ ಅಭಿ. ಅಷ್ಟು ಹೆಂಗುಸ್ರು, ಒಂದೆಸ್ರೂ ಇಲ್ಲ. ಒಂದಾರೂ ಇರ್ಲಿ ಅಂತ ಮೂರ್ ಸಲ ಹೇಳ್ಬುಟ್ಟು ಬಂದೆ.”

ಆಮೇಲೆ ಸೆರಗು ತೆಗೆದು ಹೇಳಿದಳು. ಕೂಗಲಿಲ್ಲ.

“ನೀನು ಸುಳ್ಳು ಬರ್ದೆ. ನಾನು ಸುಳ್ಳು ಬರ್ಸಿದ್ದೆ. ಪೊಲೀಸ್ನೋರು ಬಂದು ಕೇಳುದ್ರು. ಊರ್ ಹಿರೀಕ್ರೆಲ್ಲ ಹೋದೋಳು ಹೋದ್ಲು, ಮನೆ ಮರ್ಯಾದೆ ಉಳೀಲಿ ಅಂದ್ರು. ಸ್ಟವ್ವು ಅಂತ ಬರ್ಸಿ ಎಬ್ಬೆಟ್ಟೊತ್ತಿದೆ. ಆ ಮನೇಲಿ ಗ್ಯಾಸಿತ್ತು ಕಣ್ಲಾ. ನಾನೇ ನೋಡಿದ್ದೆ. ಸ್ಟವ್ವೇ ಇರ್ನಿಲ್ಲ.”

ಹೊರಗೆ ಹಾಲಿನ ಲಾರಿ ಬಂದು ನಿಂತು ಹಾರನ್ ಹೊಡೆಯಿತು. ಅವಳು ಎದ್ದಳು.

“ಅಂಗಂತ ನಿಂದು ಚಿಕ್ಕುದಾಗಾಕಿಲ್ಲ. ನಂದ್ರ ಪಕ್ಕ ಮಡಿಕ್ಕಂಡು ನಿಂದ ಅಳೀಬ್ಯಾಡ.” ಬಾಗಿಲಲ್ಲಿ ತಿರುಗಿದಳು. “ಬುಧವಾರ ಬತ್ತೀನಿ. ನಿಮ್ಮವ್ವಂಗೆ ಹೇಳು. ಒಳೆ ತಾವ ಕರ್ಕೊಂಡೋಗು. ಬಾಯಿ ಮುಚ್ಕಂಡು ಓಡ್ಸಬೇಕು.”

ಜೂನ್ 18, ಬುಧವಾರ

ಬಾಯಿ ಮುಚ್ಚಿಕೊಂಡು ಓಡಿಸಿದೆ. ಹಿಂದೆ ಅವ್ವ, ದೊಡ್ಡವ್ವ, ನಡುವೆ ಒಂದು ಬ್ಯಾಗು. ಕೋಟೆ ಬಂತು, ದೇವಸ್ಥಾನ ಬಂತು. ಯಾವುದಕ್ಕೂ ನಾನು ಕೈ ತೋರಿಸಲಿಲ್ಲ.

ಪಶ್ಚಿಮವಾಹಿನಿಯ ಮೆಟ್ಟಿಲಲ್ಲಿ ಪುರೋಹಿತರು ಹೆಸರು ಕೇಳಿದರು. ಯಶೋಧ, ಎಂದಳು ದೊಡ್ಡವ್ವ. ಏನು ತಂದಿದ್ದೀರಿ ಎಂದರು. ಬ್ಯಾಗಿನಿಂದ ಆ ಹಸಿರು ರವಿಕೆ ತೆಗೆದಳು. ಕೊನೆಯ ಸಾರಿ ಬಂದಾಗ ಚಿಕ್ಕವ್ವ ಒಗೆದು ಹಿತ್ತಿಲ ತಂತಿಗೆ ಹಾಕಿ, ಬಸ್ಸಿಗೆ ಅವಸರ ಮಾಡಿದ್ದರಿಂದ ಮರೆತು ಹೋಗಿದ್ದಂತೆ. ಅವಸರ ಮಾಡಿದವಳು ದೊಡ್ಡವ್ವನೇ.

“ಹೇಗೆ ಹೋದರು? ಅದರ ಮೇಲೆ ವಿಧಿ ಬೇರೆ ಬೇರೆ” ಎಂದರು ಪುರೋಹಿತರು.

ಅವ್ವ ಅಭ್ಯಾಸಬಲದಿಂದ, “ಸ್ಟವ್ವು...” ಎಂದಳು. ದೊಡ್ಡವ್ವ ಅವಳ ಕೈ ಹಿಡಿದಳು.

“ಸುಟ್ರು ಸ್ವಾಮಿ.”

ಪಕ್ಕದ ಮೆಟ್ಟಿಲಲ್ಲಿ ಬೇರೆ ಯಾರದೋ ಬೂದಿ ಬಿಡುತ್ತಿದ್ದವರು ತಿರುಗಿ ನೋಡಿದರು. ದೊಡ್ಡವ್ವ ಮತ್ತೊಮ್ಮೆ ಹೇಳಿದಳು. ಈ ಸಾರಿ ಫೋನಿನಲ್ಲಿ ಕೂಗುವ ಹಾಗೆ. “ಸುಟ್ರು.”

ರವಿಕೆಯನ್ನು ನೀರಿಗೆ ಬಿಡಬೇಡಿ ತಾಯಿ, ಅದ್ದಿ ತೆಗೆಯಿರಿ ಸಾಕು ಎಂದರು ಅವರು. ಮೂರು ಸಾರಿ ಅದ್ದಿ, ಹಿಂಡಿ, ಆಟೋದ ಪಕ್ಕದ ಸರಳಿಗೆ ಕಟ್ಟಿದಳು. ದೊಡ್ಡವ್ವನನ್ನು ಪಾಂಡವಪುರದವರೆಗೆ ಬಿಡಲು ಹೋದೆವು. ದಾರಿಯುದ್ದಕ್ಕೂ ಅದು ಗಾಳಿಗೆ ಪಟಪಟ ಎನ್ನುತ್ತಿತ್ತು. ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಒಣಗಿತ್ತು. ದೊಡ್ಡವ್ವ ಮಡಿಸಿ ಅವ್ವನ ಮಡಿಲಿಗಿಟ್ಟಳು. “ಇನ್ನು ನಿನ್ ಮನೇಲಿರ್ಲಿ” ಎಂದಳು.

ಬಸ್ಸು ಹೊರಟಾಗ ಕಿಟಕಿಯಿಂದ ನನ್ನ ಕಡೆಗೆ ಒಂದು ಕಾಗದ ಎಸೆದಳು. ನನ್ನ ಪಟ್ಟಿ. ಪ್ರತಿಯೊಂದಕ್ಕೂ ಸಂಘದ ಕೆಂಪು ಪೆನ್ನಿನಲ್ಲಿ ರೈಟು ಹಾಕಿದ್ದಾಳೆ, ಉಗಿಯುವುದಕ್ಕೂ. ಹತ್ತನೆಯದಕ್ಕೆ ಮಾತ್ರ, ಹಾಲು ವಾಪಸ್ ಮಾಡುವಾಗ ಚೀಟಿಯಲ್ಲಿ ಹಾಕುವಂಥ ಅಡ್ಡಗೆರೆ.

ಜೂನ್ 21, ಶನಿವಾರ

ತುಮಕೂರಿನ ಒಂದು ಕುಟುಂಬ. ಕೋಟೆಯಲ್ಲಿ ಅವರ ಮಗಳು ಗೋಡೆಯ ತೂತು ತೋರಿಸಿ ಅದೇನು ಎಂದಳು. ಗುಂಡು ಹಾರಿಸುವ ಕಿಂಡಿ ಎಂದೆ. “ಅಷ್ಟೇನಾ?” ಎಂದಳು. ಅಷ್ಟೇ.

ಸಂಗಮ ಮುಗಿಸಿ, ಪಶ್ಚಿಮವಾಹಿನಿ ಕಡೆ ತಿರುಗಿಸದೆ ಸ್ಟ್ಯಾಂಡಿನಲ್ಲಿ ಇಳಿಸಿದೆ. ಯಜಮಾನರು ಆಟೋದ ಹಿಂದೆ ಹೋಗಿ ಫಲಕ ಓದಿ ಬಂದು, ಬೆರಳು ಮಡಿಸಿ ಎಣಿಸಿದರು.

“ಏನಪ್ಪ, ಒಂಬತ್ತೇ ಆಯ್ತಲ್ಲ. ಹತ್ತನೇದು?”

“ಒಂಬತ್ತೇ ಸಾರ್,” ಎಂದೆ. “ಹತ್ತನೇದು ನಮ್ಮನೇದು.”